ಕಮರುದ್ದೀನ್ ಓದಿ ಬಿಟ್ಟ ಬೋರ್ಡು

ಎರೆಹುಳುಗಳನ್ನು ಫ್ರಿಜ್ಜಿನಲ್ಲಿಡುವ ಗಂಡನ ಜೊತೆ ಬಾಳಬೇಕಾಗುತ್ತದೆಂದು ನಿಕಾಹ್ ದಿನ ಯಾರಾದರೂ ಹೇಳಿದ್ದರೆ ಗುಲ್ಶನ್ ಫ್ರೇಜರ್ ಟೌನಿನ ತವರುಮನೆಯಿಂದ ಕದಲುತ್ತಲೇ ಇರಲಿಲ್ಲ. ಬೆಳಗ್ಗೆ ಮಗಳು ತೂಬಾಳ ಮೊಸರಿಗೆಂದು ಕೈ ಹಾಕಿದವಳ ಬೆರಳಿಗೆ ತಾಗಿದ್ದು ಬಿಳಿ ಥರ್ಮಾಕೋಲಿನ ಲೋಟ. ಮುಚ್ಚಳದ ತುಂಬ ಸೂಜಿ ಚುಚ್ಚಿದಂಥ ತೂತುಗಳು. ಎತ್ತಿ ನೋಡಿದರೆ ಒಳಗೆ ಕಪ್ಪು ಮಣ್ಣು, ಆ ಮಣ್ಣಿನಲ್ಲಿ ಏನೋ ಮೆಲ್ಲಗೆ ಮಗ್ಗುಲು ಬದಲಿಸುತ್ತಿತ್ತು.

“ರೀ! ಇದು ಅಲ್ಲಾಡ್ತಿದೆ ರೀ!”

“ಅಲ್ಲಾಡಬೇಕು. ಸತ್ತಿದ್ರ ಬದಲಿ ಕೊಡ್ತೀನಿ ಅಂದಾನ ಅಂಗಡ್ಯಾಂವ,” ಎಂದ ಕಮರುದ್ದೀನ್, ಕಾರ್ಪೆಟ್ಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದವನು ತಲೆಯೆತ್ತದೆ. “ತಂಪಿನಾಗ ಇಟ್ರ ಭಾಳ ದಿನ ಬಾಳ್ತಾವಂತ.”

“ಮಗು ಮೊಸರಿನ ಪಕ್ಕದಲ್ಲಾ? ಮುಚ್ಚಳ ಬಿಚ್ಚಿಕೊಂಡ್ರೆ? ಹರಿದು ಆ ಕಡೆ ಹೋಗಿ…” ಅವಳು ಲೋಟವನ್ನು ಮೈಯಿಂದ ದೂರ ಹಿಡಿದಳು.

“ಹರಕೊಂಡ್ ಹೋಗಿ, ಮೊಸರಿನ ಮುಚ್ಚಳ ತಗದು, ಒಳಗ ಇಳದು, ಮತ್ತ ಮುಚ್ಚಳ ಹಾಕ್ಕೊಂತಾವೇನು? ಅಷ್ಟ್ ಶಾಣ್ಯಾ ಹುಳ ಇದ್ರ ನನಗಿಂತ ಮೊದಲ ಅವಕ್ಕ ನೌಕರಿ ಸಿಗತೈತಿ ಬಿಡು.”

ಹೇಳಿ ಅವನು ನಕ್ಕ. ಕೆಲಸ ಹೋದ ಮೇಲೆ ಅವನು ನಕ್ಕಿದ್ದು ಅದೇ ಮೊದಲಿರಬೇಕು. ಆ ಒಂದು ನಗುವಿಗಾಗಿ ಗುಲ್ಶನ್ ಹುಳುಗಳನ್ನು ಇರಗೊಟ್ಟಳು. ಮೊಸರನ್ನು ಮೇಲಿನ ಅರೆಗೆ ಸಾಗಿಸಿದಳು, ಲೋಟಕ್ಕೆ ರಬ್ಬರ್ ಬ್ಯಾಂಡು ಸುತ್ತಿದಳು, ಅದೂ ಸಾಲದೆಂದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿದಳು. ಉಸಿರುಗಟ್ಟಿ ಸಾಯುತ್ತವೆಂದು ಅವನು ಚೀಲ ಬಿಚ್ಚಿದ. ಅವನು ಆಚೆ ಹೋದದ್ದೇ ಅವಳು ಮತ್ತೆ ಕಟ್ಟಿದಳು.

ಎರಡು ಸಾವಿರದ ಒಂದನೇ ಇಸವಿಯ ಫೆಬ್ರವರಿ ಅದು. ಕಮರುದ್ದೀನ್ ಬಾಗಲಕೋಟೆಯವನು. ಅವನ ಓಣಿಯ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ. “ನಮ್ಮ ಅಡಗಿ ಮನ್ಯಾಗ ಈಗ ಮೀನ ಓಡ್ಯಾಡ್ತಾವ,” ಎಂದು ಅವನು ಹೊಸಬರಿಗೆ ಹೇಳುತ್ತಿದ್ದ, ತಮಾಷೆಯೆಂಬಂತೆ. ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ, ಕಿಟಕಿ ಪರದೆಗಳನ್ನು ಇಂಟರ್ನೆಟ್ಟಿನಲ್ಲಿ ಮಾರುತ್ತೇವೆಂದು ಹೊರಟಿದ್ದ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಕ್ರಿಸ್‌ಮಸ್‌ಗೆ ಮುಂಚೆ ಎಲ್ಲರಿಗೂ ಕಂಪನಿಯ ಹೆಸರು ಬರೆದ ಜಾಕೆಟ್ಟು ಹಂಚಿದರು. ಹೊಸ ವರ್ಷ ಹುಟ್ಟಿದ ಮೇಲೆ ಒಂದು ಬೆಳಗ್ಗೆ ಮೀಟಿಂಗು ಕರೆದು, ಸೊಂಟದ ಬ್ಯಾಡ್ಜನ್ನು ಮೇಜಿನ ಮೇಲಿಟ್ಟು ಮನೆಗೆ ಹೋಗಿ ಎಂದರು. ಪರದೆಗಳನ್ನು ಯಾರೂ ಇಂಟರ್ನೆಟ್ಟಿನಲ್ಲಿ ಕೊಳ್ಳಲಿಲ್ಲವಂತೆ. ಮುಟ್ಟಿ ನೋಡದೆ ಯಾರಾದರೂ ಪರದೆ ಕೊಳ್ಳುತ್ತಾರೆಯೇ ಎಂದು ಗುಲ್ಶನ್ ಮೊದಲೇ ಕೇಳಿದ್ದಳು. ಆಗ ಅವನು, ನಿನಗೆ ಎಲ್ಲದರಲ್ಲೂ ಕೇಡೇ ಕಾಣುತ್ತದೆ ಎಂದಿದ್ದ.

ಕಾಣುತ್ತಿದ್ದುದು ನಿಜ. ಓಡಾಡುವ ಮಗುವಿಗೆ ನೆಲದಲ್ಲಿ ಸಿಗಬಹುದಾದ ಗುಂಡುಪಿನ್ನು, ಕಿಟಕಿಯ ಪಟ್ಟಿಯ ದಾರ, ಹೀಟರಿನ ವಾಸನೆ, ಔಷಧದ ಬಾಟಲಿಯ ಸಣ್ಣಕ್ಷರ; ಗುಲ್ಶನ್ ಎಲ್ಲವನ್ನೂ ನೋಡುತ್ತಿದ್ದಳು, ಎಲ್ಲವನ್ನೂ ಓದುತ್ತಿದ್ದಳು. ಎವರ್‌ಗ್ರೀನ್ ಬಡಾವಣೆಯ ಈ ಅಪಾರ್ಟ್‌ಮೆಂಟಿಗೆ ಬಂದಿಳಿದ ದಿನ, ಅಂಚೆಪೆಟ್ಟಿಗೆಗಳ ಪಕ್ಕದ ಗೋಡೆಯಲ್ಲಿ ಒಂದು ಬೋರ್ಡು ಓದಿ ಸೂಟ್‌ಕೇಸಿನ ಜೊತೆ ಅಲ್ಲೇ ನಿಂತುಬಿಟ್ಟಿದ್ದಳು. ಈ ಕಟ್ಟಡದಲ್ಲಿ ಕ್ಯಾನ್ಸರನ್ನೂ ಹುಟ್ಟುವ ಮಕ್ಕಳಿಗೆ ಊನವನ್ನೂ ತರುವ ರಾಸಾಯನಿಕಗಳಿವೆ ಎಂದು ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ತಿಳಿದಿದೆ, ಎಂದು ಬರೆದಿತ್ತು. ಅವಳಾಗ ತುಂಬಿದ ಬಸುರಿ. ಒಳಗೆ ಬರುವುದಿಲ್ಲ ಎಂದಳು. ಕಮರುದ್ದೀನ್ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದ. ಪೆಟ್ರೋಲ್ ಬಂಕಿನಲ್ಲಿ ಅದೇ ಬೋರ್ಡು, ಪಾರ್ಕಿಂಗಿನಲ್ಲಿ ಅದೇ ಬೋರ್ಡು, ಸುತ್ತಿಗೆ ಮೊಳೆ ಮಾರುವ ಅಂಗಡಿಯಲ್ಲೂ ಅದೇ.

“ಈ ರಾಜ್ಯಕ್ಕ ಎಲ್ಲಾ ಗೊತ್ತೈತಿ, ಏನೂ ಮಾಡಂಗಿಲ್ಲ. ನಾಳೆ ಯಾರೂ ಕೋರ್ಟಿಗೆ ಹೋಗಬಾರದಂತ ಬೋರ್ಡ್ ಹಾಕ್ತಾರ, ಅಷ್ಟ. ಇಲ್ಲಿ ಬೋರ್ಡ್ ಓದ್ಕೊಂತ ಕುಂತ್ರ ಉಸರಾಡಾಕೂ ಆಗಂಗಿಲ್ಲ.”

ತೂಬಾ ಕೈಕಾಲು ನೆಟ್ಟಗಿರುವ ಮಗುವಾಗಿಯೇ ಹುಟ್ಟಿದಳು. ಆಮೇಲೆ ಗುಲ್ಶನ್ ಬೋರ್ಡು ಓದುವುದನ್ನು ಬಿಡಲಿಲ್ಲವಾದರೂ, ಓದಿದ್ದನ್ನು ಗಂಡನಿಗೆ ಹೇಳುವುದನ್ನು ಬಿಟ್ಟಳು.

ಕೆಲಸ ಹೋದ ಸುದ್ದಿ ಹಬ್ಬಿದಂತೆ ಮನೆಗೆ ಡಬ್ಬಿಗಳು ಬರತೊಡಗಿದವು. ಕೆಳಗಿನ ಮನೆಯ ಅಮ್ರೀನ್‌ಳಿಂದ ಬಿರಿಯಾನಿ, ಎದುರು ಬಾಗಿಲಿನ ಮೈಥಿಲಿಯಿಂದ ಬಿಸಿಬೇಳೆಬಾತು, ಮಸೀದಿಯಲ್ಲಿ ಪರಿಚಯವಾದವರಿಂದ ಖೀರು. ಯಾರೂ ಏನೂ ಹೇಳುತ್ತಿರಲಿಲ್ಲ. “ಸ್ವಲ್ಪ ಜಾಸ್ತಿ ಆಗಿಬಿಡ್ತು, ಅದಕ್ಕೇ” ಎಂದಷ್ಟೇ ಎಲ್ಲರ ಬಾಯಲ್ಲೂ. ಬಂದ ಡಬ್ಬಿಯನ್ನು ಖಾಲಿ ಮರಳಿಸುವ ಪದ್ಧತಿ ಗುಲ್ಶನ್‌ಳ ತವರಿನಲ್ಲೂ ಇರಲಿಲ್ಲ, ಮೈಥಿಲಿಯ ಮೈಸೂರಿನ ಮನೆಯಲ್ಲೂ ಇರಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡಬೇಕು. ಆದರೆ ಬಿರಿಯಾನಿಯ ಡಬ್ಬಿಯಲ್ಲಿ ಎಷ್ಟು ಸಲ ಸಕ್ಕರೆ ಕಳಿಸುವುದು? ಅಡುಗೆಕಟ್ಟೆಯ ಮೇಲೆ ತೊಳೆದ ಡಬ್ಬಿಗಳು ಒಂದರ ಮೇಲೊಂದು ಕೂತವು. ಕಮರುದ್ದೀನ್ ನೀರು ಕುಡಿಯಲು ಅಲ್ಲಿಗೆ ಹೋದಾಗಲೆಲ್ಲ ಅವುಗಳ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದ.

ಅವನು ಗಾಳದ ಕೋಲು ತಂದದ್ದು ಆ ದಿನಗಳಲ್ಲೇ. ಕ್ರೀಡಾ ಸಾಮಾನಿನ ದೊಡ್ಡ ಅಂಗಡಿಯಲ್ಲಿ ಇದ್ದುದರಲ್ಲೇ ಅಗ್ಗದ್ದು. ಕೋಲು, ರೀಲು, ರೀಲಿಗೆ ಸುತ್ತಿದ ನೈಲಾನ್ ದಾರ ಎಲ್ಲ ಒಂದೇ ಪ್ಲಾಸ್ಟಿಕ್ ಹೊದಿಕೆಯಲ್ಲಿ, ಜೊತೆಗೊಂದು ರಟ್ಟಿನ ಚೀಟಿ. ಎರಡು ತುಂಡುಗಳನ್ನು ಒಂದರೊಳಗೊಂದು ತೂರಿಸಿದರೆ ಆಳೆತ್ತರದ ಕೋಲಾಗುತ್ತಿತ್ತು. ಹಿಡಿಯ ಕೆಳಗೆ ರೀಲು ಬಾವಲಿಯ ಹಾಗೆ ನೇತಾಡುತ್ತಿತ್ತು. ಕೆಲಸವಿಲ್ಲದ ದಿನವೆಲ್ಲ ಅವನು ಕಾರ್ಪೆಟ್ಟಿನ ಮೇಲೆ ಕೂತು ಅದನ್ನು ತಿರುಗಿಸುತ್ತಿದ್ದ. ಊರಲ್ಲಿ ಘಟಪ್ರಭೆಯ ದಂಡೆಯಲ್ಲಿ ಅವನು ಹಿಡಿಯುತ್ತಿದ್ದುದು ಬಿದಿರುಕೋಲು, ತುದಿಗೆ ಕಟ್ಟಿದ ದಾರ. ಅದರಲ್ಲಿ ಎಸೆಯುವ ಮಾತಿಲ್ಲ, ಕೋಲು ಮುಟ್ಟಿದಷ್ಟೇ ನೀರು. ಇದರಲ್ಲಿ ಹಾಗಲ್ಲ. ತೋರುಬೆರಳಲ್ಲಿ ದಾರ ಎತ್ತಿ ಹಿಡಿಯಬೇಕು, ರೀಲಿನ ತಂತಿಬಳೆಯನ್ನು ಮಗುಚಬೇಕು, ಕೋಲು ಬೀಸಿ ಸರಿಯಾದ ಗಳಿಗೆಯಲ್ಲಿ ಬೆರಳು ಬಿಡಬೇಕು. ಬೇಗ ಬಿಟ್ಟರೆ ಗಾಳ ಆಕಾಶಕ್ಕೆ, ತಡವಾದರೆ ಕಾಲ ಬುಡಕ್ಕೆ.

ಮೊದಲ ಕೆಲವು ದಿನ ಅವನು ಊರಾಚೆ ಗುಡ್ಡದ ಜಲಾಶಯದಿಂದ ತಂದದ್ದು ದಾರದ ಸಿಕ್ಕನ್ನೇ. ಊಟದ ಮೇಜಿನ ಮೇಲೆ ಹರಡಿಕೊಂಡು ಸಂಜೆಯವರೆಗೆ ಬಿಡಿಸುತ್ತಿದ್ದ. ತಂತಿಬಳೆಯನ್ನು ಹಿಡಿಕೆ ತಿರುವಿ ಮುಚ್ಚಬಾರದು, ಕೈಯಲ್ಲೇ ಮುಚ್ಚಬೇಕು, ಇಲ್ಲದಿದ್ದರೆ ದಾರ ಹುರಿಗಟ್ಟಿಕೊಳ್ಳುತ್ತದೆ ಎನ್ನುವುದು ಅವನಿಗೆ ಹೊಳೆದ ಮೇಲೆ ಸಿಕ್ಕು ನಿಂತಿತು. ಲೈಸೆನ್ಸನ್ನೂ ಮಾಡಿಸಿದ್ದ. ವೀಸಾದ ಮೇಲೆ ಇರುವವರು ಕಾನೂನಿನ ಗೆರೆ ದಾಟಬಾರದು ಎಂಬ ಹೆದರಿಕೆ ಅವನಿಗೂ ಇತ್ತು. ಮೀನು ಹಿಡಿಯುವವರು ಲೈಸೆನ್ಸನ್ನು ಸೊಂಟಕ್ಕಿಂತ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಕೊಳ್ಳಬೇಕಿತ್ತು. ಅವನು ಅದನ್ನು ಹಳೆಯ ಆಫೀಸಿನ ಪ್ಲಾಸ್ಟಿಕ್ ಕವಚದಲ್ಲಿಟ್ಟು, ಅಂಗಿಯ ಜೇಬಿಗೆ ಪಿನ್ನು ಹಾಕಿಕೊಂಡು ಬೆಳಗ್ಗೆ ಎಂಟಕ್ಕೆಲ್ಲ ಹೊರಡುತ್ತಿದ್ದ. ಕಿಟಕಿಯಲ್ಲಿ ನಿಂತ ತೂಬಾ “ಡ್ಯಾಡಿ ಆಫೀಸ್!” ಎನ್ನುತ್ತಿದ್ದಳು. ಗುಲ್ಶನ್ ತಿದ್ದಲಿಲ್ಲ.

ಮಾರ್ಚಿ ಬರುವಷ್ಟರಲ್ಲಿ ಮೀನು ಬರತೊಡಗಿತು. ಅಂಗೈಯಗಲದ ಚಪ್ಪಟೆ ಮೀನುಗಳು, ಆಮೇಲೆ ಮೊಳದುದ್ದದ, ಬಾಸು ಎಂಬ ದೊಡ್ಡ ಮೀನು. ಗುಲ್ಶನ್ ಖಾರದಪುಡಿ, ಅರಿಶಿನ, ನಿಂಬೆಹುಳಿ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಹಾಕಿದರೆ ಹೊಗೆಯ ಅಲಾರ್ಮು ಬಡಿದುಕೊಳ್ಳುತ್ತಿತ್ತು. ಎದುರು ಮನೆಯ ಮೈಥಿಲಿ ಮೂಗಿಗೆ ಸೆರಗು ಹಿಡಿದು ಬಾಗಿಲು ತೆರೆಯುತ್ತಿದ್ದಳು.

“ಗುಲ್ಶನ್, ನಿಮ್ಮನೇಲಿ ಮೀನು ಹುರಿದ್ರೆ ನಮ್ಮನೆ ದೇವ್ರು ಮೈಲಿಗೆ ಆಗ್ತಾನೆ ಕಣ್ರೀ. ಆದ್ರೆ ಕಮರುದ್ದೀನ್ ಮುಖದಲ್ಲಿ ಕಳೆ ಬಂದಿದೆ, ಹುರೀರಿ, ಹುರೀರಿ!”

ಕಟ್ಟೆಯ ಮೇಲಿನ ಡಬ್ಬಿಗಳು ಒಂದೊಂದಾಗಿ ಇಳಿದವು. ಬಿರಿಯಾನಿಯ ಡಬ್ಬಿ ಮೀನು ತುಂಬಿಕೊಂಡು ಕೆಳಗೆ ಹೋಯಿತು. ಸಿಕ್ಕಿದ್ದನ್ನು ಹಂಚುವಾಗ ಕಮರುದ್ದೀನನ ಕೈ ಉದ್ದವಾಗುತ್ತಿತ್ತು, ದನಿಯೂ. “ಅಂಗಡಿದಲ್ಲ ಭಾಯ್, ನಾ ಹಿಡದದ್ದು!”

ಕೆಳಗಿನ ಮನೆಯ ಅಮ್ರೀನ್ ಆಗ ಬಸುರಿ. ಅವಳ ಗಂಡ ಶಾರೀಕ್ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ. ಅವಳಿಗೆ ಹಿಂದೆ ಎರಡು ಸಲ ಬಸಿರು ಹೋಗಿತ್ತು, ಎರಡನೆಯದು ಐದು ತಿಂಗಳು ತುಂಬಿದ ಮೇಲೆ. ಈ ಸಲ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಅನ್ನದ ವಾಸನೆಗೆ ವಾಂತಿ, ಹಾಲಿನ ವಾಸನೆಗೆ ವಾಂತಿ. ಆ ಮೊದಲ ಡಬ್ಬಿಯ ಮೀನನ್ನು ಅವಳು ಸಿಂಕಿನ ಮುಂದೆ ನಿಂತೇ ತಿಂದು ಮುಗಿಸಿದಳು. ನಿಂತಿತು. ಮರುದಿನ ಮೆಟ್ಟಿಲಲ್ಲಿ ಸಿಕ್ಕಿ ಗುಲ್ಶನ್‌ಳ ಕೈ ಹಿಡಿದಳು.

“ಆಪಾ, ನಾಚಿಕೆ ಬಿಟ್ಟು ಕೇಳ್ತೀನಿ. ಭಾಯ್ ಮತ್ತೆ ಯಾವಾಗ ಹೋಗ್ತಾರೆ?”

ಬಸುರಿಯ ಬಯಕೆಯನ್ನು ಯಾರಾದರೂ ಇಲ್ಲವೆನ್ನುವುದುಂಟೆ? ಅಂದಿನಿಂದ ಮೊದಲ ಪಾಲು ಅಮ್ರೀನ್‌ಳದ್ದು. ಗುಲ್ಶನ್ ಅದಕ್ಕೆಂದೇ ತನ್ನ ಮದುವೆಯ ಸ್ಟೀಲ್ ಡಬ್ಬಿ ಇಳಿಸಿದಳು. ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಅವಳ ಹೆಸರು ಕೊರೆದಿದ್ದ ಡಬ್ಬಿ. ಅದು ಮೀನು ಹೊತ್ತು ಕೆಳಗಿಳಿಯುವುದು, ಖರ್ಜೂರವನ್ನೋ ಒಂದೆರಡು ಕಿತ್ತಳೆಯನ್ನೋ ಹೊತ್ತು ಮೇಲೆ ಬರುವುದು. “ಅಮ್ರೀನ್‌ಳ ಕೂಸಿಗೆ ಈಜು ಕಲಿಸೂ ಖರ್ಚಿಲ್ಲ ನೋಡು, ಹೊಟ್ಟ್ಯಾಗ ಕಲತು ಬರತೈತಿ,” ಎನ್ನುತ್ತಿದ್ದ ಕಮರುದ್ದೀನ್. ಕೆಲಸದ ಅರ್ಜಿಗಳಿಗೆ ಉತ್ತರ ಬರುವುದು ನಿಂತೇ ಹೋಗಿತ್ತು. ವೀಸಾದ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಆದರೂ ಆ ಎರಡು ತಿಂಗಳು ಅವನು ರಾತ್ರಿ ನಿದ್ದೆ ಮಾಡಿದ. ಗುಲ್ಶನ್ ಸಹ ಯಾವ ಅನುಮಾನವೂ ಇಲ್ಲದೆ ಮುಳ್ಳು ಬಿಡಿಸಿ ಬಿಡಿಸಿ ತೂಬಾಳ ಬಾಯಿಗಿಟ್ಟಳು. ಮುಳ್ಳೊಂದೇ ಅವಳ ಹೆದರಿಕೆಯಾಗಿತ್ತು.

ಮೇ ತಿಂಗಳ ಒಂದು ಭಾನುವಾರ ಅವನು ಹೆಂಡತಿ ಮಗಳನ್ನೂ ಕರೆದುಕೊಂಡು ಹೋದ. ಗುಡ್ಡಗಳ ಹುಲ್ಲು ಆಗಲೇ ಒಣಗಿ ಹಳದಿಯಾಗಿತ್ತು. ಜಲಾಶಯದ ದಂಡೆಯಲ್ಲಿ ಅವನು ಸ್ವಂತ ಹೊಲಕ್ಕೆ ಬಂದವನಂತೆ ನಡೆಯುತ್ತಿದ್ದ. ಆ ಕಲ್ಲಿನ ಹತ್ತಿರ ಆಳ ಇದೆ, ಈ ಜೊಂಡಿನ ಸೆರಗಲ್ಲಿ ದೊಡ್ಡವು ಕೂರುತ್ತವೆ ಎಂದೆಲ್ಲ ತೋರಿಸಿದ. ಬಿಸ್ಮಿಲ್ಲಾ ಎಂದು ಕೋಲು ಬೀಸಿದ. ದಾರ ಗಾಳಿಯಲ್ಲಿ ಸುಯ್ಯೆಂದು ಬಿಚ್ಚಿಕೊಂಡು ಹೋಗಿ, ಗಾಳ ದೂರದಲ್ಲಿ ಸದ್ದಿಲ್ಲದೆ ನೀರಿಗಿಳಿಯಿತು. ಎಷ್ಟು ಚೆಂದ ಬೀಸುತ್ತಾನೆ ಎಂದು ಗುಲ್ಶನ್‌ಗೆ ಅನ್ನಿಸಿತು. ಇದನ್ನು ಕಂಪನಿಯವರಾರೂ ಅವನಿಂದ ಕಿತ್ತುಕೊಳ್ಳಲಾರರು ಎಂದೂ ಅನ್ನಿಸಿತು.

ತೂಬಾಳಿಗೆ ಶೌಚಕ್ಕೆ ಬಂತು. ಪಾರ್ಕಿಂಗಿನ ಪಕ್ಕದ ಶೌಚಾಲಯಕ್ಕೆ ಎತ್ತಿಕೊಂಡು ಹೋಗಿ ಬರುವಾಗ ದಾರಿಯಲ್ಲಿ ಹಳದಿ ಬೋರ್ಡೊಂದು ಕಂಡಿತು. ಅವಳ ಕಾಲು ತಾನಾಗಿ ನಿಂತಿತು. ಇಂಗ್ಲಿಷಿನಲ್ಲಿ, ಸ್ಪ್ಯಾನಿಷಿನಲ್ಲಿ, ವಿಯೆಟ್ನಾಮಿಯಲ್ಲಿ ಬರೆದಿತ್ತು. ಗುಡ್ಡದಲ್ಲಿ ಹಿಂದೆ ಪಾದರಸದ ಗಣಿಗಳಿದ್ದವು. ಈ ನೀರಿನ ಮೀನಿನಲ್ಲಿ ಪಾದರಸವಿದೆ. ಯಾರೂ ತಿನ್ನಬಾರದು. ಬಸುರಿಯರು, ಮೊಲೆಯೂಡುವ ತಾಯಂದಿರು, ಸಣ್ಣ ಮಕ್ಕಳು ಖಂಡಿತ ತಿನ್ನಬಾರದು. ಕೆಳಗೆ ಮೀನಿನ ಚಿತ್ರ, ಅದರ ಮೇಲೆ ಅಡ್ಡಗೆರೆ. ಗುಲ್ಶನ್ ಬಿ.ಎಸ್ಸಿ. ಓದಿದವಳು. ಪಾದರಸ ಹೊಟ್ಟೆಯಲ್ಲಿರುವ ಕೂಸಿನ ಮಿದುಳಿಗೆ ಏನು ಮಾಡುತ್ತದೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಮತ್ತೆ ಮೊದಲಿನಿಂದ ಓದಿದಳು. ತೂಬಾ ಚಿತ್ರ ತೋರಿಸಿ, “ಫಿಶ್, ಮಮ್ಮಿ! ಫಿಶ್ ಬೇಕು,” ಎಂದಳು.

ಓಡುತ್ತ ದಂಡೆಗೆ ಬಂದರೆ ಕಮರುದ್ದೀನನ ಕೋಲು ಬಿಲ್ಲಿನಂತೆ ಬಾಗಿತ್ತು. ರೀಲು ಕಿರ್ರೆಂದು ದಾರ ಬಿಡುತ್ತಿತ್ತು. “ದೊಡ್ಡದೈತಿ! ನಿಂದ್ರು, ಮಾತಾಡ್ಸಬ್ಯಾಡ!” ಎಂದು ಕೂಗಿದ. ಮೀನು ಎಳೆದಾಗ ಬಿಟ್ಟ, ದಣಿದಾಗ ಸುತ್ತಿದ, ಮತ್ತೆ ಬಿಟ್ಟ. ಬಿದಿರುಕೋಲಿನಲ್ಲಾದರೆ ದಾರ ಎಂದೋ ಹರಿದಿರುತ್ತಿತ್ತು. ಈ ಅಗ್ಗದ ರೀಲು ಎಷ್ಟು ಬಿಡಬೇಕೋ ಅಷ್ಟು ಬಿಟ್ಟು ಕೊಟ್ಟು ಹಿಡಿದುಕೊಂಡಿತ್ತು. ಗುಲ್ಶನ್ ಕಾದಳು. ಕಾಯಬಾರದಿತ್ತೋ ಏನೋ. ಅವನು ಮೊಣಕಾಲವರೆಗೆ ನೀರಿಗಿಳಿದು, ಬಾಸನ್ನು ಕೆಳದವಡೆಯಲ್ಲಿ ಹಿಡಿದೆತ್ತಿ, ತೂಬಾಳ ಎತ್ತರಕ್ಕೆ ತೂಗಿ ತೋರಿಸಿದ. ಅವನ ಮುಖ ನೋಡಲಾಗದೆ ಅವಳು ಮೀನಿನ ಮುಖ ನೋಡಿದಳು.

“ರೀ, ಅಲ್ಲಿ ಬೋರ್ಡಿದೆ. ಈ ಮೀನು ತಿನ್ನಬಾರದಂತೆ. ಪಾದರಸ ಇದೆಯಂತೆ.”

“ಹೂಂ, ಐತಿ. ಹಳದಿ ಬೋರ್ಡ್.”

“ನೋಡಿದ್ರಾ?”

“ಮೊದಲ ದಿನಾನ ನೋಡೀನಿ. ಯಾಕ?” ಅವನಿನ್ನೂ ನಗುತ್ತಲೇ ಇದ್ದ. “ನಮ್ಮ ಅಪಾರ್ಟ್‌ಮೆಂಟಿಗೂ ಕ್ಯಾನ್ಸರ್ ಬೋರ್ಡ್ ಹಾಕ್ಯಾರ. ಮನಿ ಬಿಟ್ಟು ಓಡಿ ಹೋದಿಯೇನು ನೀ?”

“ಅದು ಬೇರೆ ರೀ. ಇದರಲ್ಲಿ ಬಸುರಿಯರು ಅಂತ ಬರೆದಿದೆ.”

“ಅದರಾಗೂ ಹುಟ್ಟೂ ಮಕ್ಕಳು ಅಂತ ಬರದಿತ್ತಲ್ಲ.”

ಎಲ್ಲ ಬೋರ್ಡಿಗೂ ಹೆದರಿದವಳ ಬಾಯಲ್ಲಿ ಈ ಬೋರ್ಡು ಬೇರೆ ಎನ್ನುವುದಕ್ಕೆ ಏನು ಬೆಲೆ? ಕೊನೆಗೆ ಅವಳ ಬಾಯಿಂದ ಬಂದದ್ದು ಒಂದೇ ಮಾತು. “ಅಮ್ರೀನ್ ತಿಂದಿದ್ದಾಳೆ ರೀ. ತೂಬಾನೂ ತಿಂದಿದ್ದಾಳೆ.”

ಅವನು ಮೀನನ್ನು ಇಳಿಸಿದ. ನೀರಿಗೆ ಬಿಡಬೇಕೋ ಬಕೆಟ್ಟಿಗೆ ಹಾಕಬೇಕೋ ತಿಳಿಯದವನಂತೆ ಅಲ್ಲೇ ನಿಂತ. ಮೀನು ಕೈಯಲ್ಲೇ ಒದ್ದಾಡಿ ಜಾರಿ, ಆಳವಿಲ್ಲದ ನೀರಿಗೆ ಬಿದ್ದು, ಕೆಸರೆಬ್ಬಿಸಿ ಹೋಯಿತು. ಆಮೇಲೆ ಅವನು ಬೋರ್ಡಿನವರೆಗೆ ನಡೆದುಹೋಗಿ, ಬಹಳ ಹೊತ್ತು ಅದರ ಮುಂದೆ ನಿಂತು ಬಂದ.

ಸಾಮಾನೆತ್ತಿಕೊಂಡು ಕಾರು ಹತ್ತಿದರು. ಎವರ್‌ಗ್ರೀನಿನ ತಿರುವಿನಲ್ಲಿ ಅವನು, “ಆಕಿಗಿ ಹೇಳಬ್ಯಾಡ,” ಎಂದ. “ತಿಂದದ್ದು ತಿಂದಾಗೈತಿ. ಹೇಳಿದ್ರ ಹೆದರಿ ಸಾಯ್ತಾಳ. ಎರಡ್ ಹೋಗ್ಯಾವ ಆಕಿಗಿ. ಇನ್ನ ಮೀನ ಸಿಗಲಿಲ್ಲ ಅಂದ್ರಾತು.”

“ಡಾಕ್ಟರಿಗೆ ಹೇಳಬೇಕಲ್ಲ ರೀ. ರಕ್ತ ಪರೀಕ್ಷೆ ಮಾಡ್ತಾರೇನೋ. ಇವಳಿಗೂ ಮಾಡಿಸಬೇಕು.”

ಮನೆ ತಲುಪಿದಾಗ ಅಮ್ರೀನ್ ಮೆಟ್ಟಿಲ ಬುಡದಲ್ಲೇ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದಳು, ಹೊಟ್ಟೆಯ ಮೇಲೆ ಎರಡೂ ಕೈ. ಖಾಲಿ ಬಕೆಟ್ಟು ನೋಡಿ ತುಟಿಯುಬ್ಬಿಸಿದಳು.

“ಏನ್ ಭಾಯ್, ಹೆಂಡ್ತೀನ ಕರ್ಕೊಂಡು ಹೋದ್ರೆ ಮೀನು ಓಡಿ ಹೋಯ್ತಾ?”

ಕಮರುದ್ದೀನ್ ಕೋಲನ್ನು ತಬ್ಬಿ ಹಿಡಿದುಕೊಂಡು ಅವಳ ಪಕ್ಕದಿಂದಲೇ ಮೆಟ್ಟಿಲು ಹತ್ತಿಹೋದ. ತೂಬಾಳನ್ನು ಸೊಂಟಕ್ಕೇರಿಸಿಕೊಂಡ ಗುಲ್ಶನ್ ಅಲ್ಲೇ ಉಳಿದಳು. ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೇಳಿದಳು. ಹೇಳುವಾಗ ಒಂದು ಮಾತು ಮಾತ್ರ ತಿರುಚಿದಳು: “ಬೋರ್ಡು ನಾವು ಇವತ್ತೇ ನೋಡಿದ್ದು ಅಮ್ರೀನ್. ಇವರು ಆ ಕಡೆ ಹೋಗೇ ಇರಲಿಲ್ಲ.”

ಅಮ್ರೀನ್ ಅಳಲಿಲ್ಲ, ಬಯ್ಯಲೂ ಇಲ್ಲ. “ಬರೀ ಮೀನು ತಾನೇ ಆಪಾ, ನನ್ನ ಹೊಟ್ಟೇಲಿ ನಿಂತಿದ್ದು,” ಎಂದಳು, ತನಗೆ ತಾನೇ ಎಂಬಂತೆ. ಆಮೇಲೆ ಎದ್ದು ಒಳಗೆ ಹೋದಳು. ಕುರ್ಚಿ ಬಿಸಿಲಲ್ಲೇ ಉಳಿಯಿತು.

ಮಾರನೆಯ ಸಂಜೆ ಶಾರೀಕ್ ಮೇಲೆ ಬಂದ. ಆಫೀಸಿನ ಬ್ಯಾಡ್ಜು ಇನ್ನೂ ಕೊರಳಲ್ಲಿತ್ತು. ಒಳಗೆ ಬನ್ನಿ ಎಂದರೆ ಬಾಗಿಲಲ್ಲೇ ನಿಂತ. ಡಾಕ್ಟರು ರಕ್ತ ತೆಗೆದುಕೊಂಡಿದ್ದಾರೆ, ಅಂಕಿ ಇರಬೇಕಾದದ್ದಕ್ಕಿಂತ ಮೇಲಿದ್ದರೂ ಇರಬಹುದು, ಇದ್ದರೂ ಕೂಸಿಗೆ ಏನಾಗಿದೆಯೆಂದು ಈಗ ಹೇಳಲಾಗದು, ಹುಟ್ಟಿದ ಮೇಲೂ ತಕ್ಷಣ ಹೇಳಲಾಗದು, ನಡೆಯುವ ಮಾತಾಡುವ ವಯಸ್ಸು ಬರಬೇಕು ಎಂದರಂತೆ.

“ಭಾಯ್, ನಾನು ಜಗಳಕ್ಕೆ ಬಂದಿಲ್ಲ,” ಎಂದ. “ಗೊತ್ತಿಲ್ದೆ ಆಗಿದ್ದಕ್ಕೆ ಯಾರು ಏನ್ ಮಾಡ್ತಾರೆ. ಅಮ್ರೀನ್‌ಗೂ ಅದನ್ನೇ ಹೇಳ್ದೆ. ಬೋರ್ಡು ನಿನ್ನೆ ತಾನೇ ನೋಡಿದ್ದು ನೀವು?”

ಗುಲ್ಶನ್ ಗಂಡನ ಮುಖವನ್ನೇ ನೋಡಿದಳು. ಹೂಂ ಅನ್ನು. ಒಂದೇ ಒಂದು ಹೂಂ ಸಾಕು. ಅವಳು ಅದಕ್ಕೆ ಬೇಕಾದ ಜಾಗವನ್ನೆಲ್ಲ ಮಾಡಿಟ್ಟಿದ್ದಳು.

ಕಮರುದ್ದೀನ್ ಎದ್ದು ನಿಂತ. “ಇಲ್ಲ ಭಾಯ್,” ಎಂದ. “ಮೊದಲ ದಿನಾನ ನೋಡಿದ್ದೆ. ಓದಿದ್ದೆ. ಎಲ್ಲಾ ಬೋರ್ಡಿನಂಗ ಇದೂ ಒಂದು ಅಂತ ಬಿಟ್ಟಿದ್ದೆ.”

ಶಾರೀಕ್ ಕೊರಳ ಬ್ಯಾಡ್ಜನ್ನು ಹಿಡಿದು ಒಮ್ಮೆ ತಿರುಗಿಸಿದ. “ಓದಿಯೂ ಕೊಟ್ರಾ?” ಎಂದ. ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದ.

“ಯಾಕ್ರೀ ಹೇಳಿದ್ರಿ?” ಎಂದಳು ಗುಲ್ಶನ್, ಬಾಗಿಲು ಹಾಕಿ. “ಯಾಕೆ?”

“ಆ ಕೂಸು ನಾಳೆ ಹೆಂಗೈತೋ ಏನೋ. ಸುಳ್ಳು ಬ್ಯಾರೆ ಹೇಳ್ಲೇನು?”

ಮರುದಿನ ಬೆಳಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಸ್ಟೀಲ್ ಡಬ್ಬಿ ಇತ್ತು. ಚೊಕ್ಕಟವಾಗಿ ತೊಳೆದು ಒರೆಸಿದ್ದರು. ಮುಚ್ಚಳದ ಮೇಲಿನ ತನ್ನ ಹೆಸರನ್ನು ನೋಡಿಕೊಂಡು ಗುಲ್ಶನ್ ಅದನ್ನೆತ್ತಿದಳು. ಹಗುರವಾಗಿತ್ತು. ಆದರೂ ಮುಚ್ಚಳ ತೆರೆದು ನೋಡಿದಳು. ಒಂದು ಹರಳು ಸಕ್ಕರೆಯೂ ಇರಲಿಲ್ಲ.

ತೂಬಾಳ ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಸ್ವಲ್ಪ ಮೇಲಿದೆ, ಮೀನು ನಿಲ್ಲಿಸಿ, ಇಳಿಯುತ್ತದೆ, ಎಂದರು ಡಾಕ್ಟರು. ಅಂದಿನಿಂದ ಮಗಳು ಒಂದು ಮಾತು ಮರೆತರೆ, ಒಮ್ಮೆ ಎಡವಿದರೆ, ಕರೆದಾಗ ಥಟ್ಟನೆ ತಿರುಗದಿದ್ದರೆ ಗುಲ್ಶನ್ ಅವಳನ್ನು ಬೆನ್ನ ಹಿಂದಿನಿಂದ ಮತ್ತೆ ಮತ್ತೆ ಕರೆದು ನೋಡುತ್ತಿದ್ದಳು. ಅಲ್ಲಿಯವರೆಗೆ ಅವಳ ಭಯಗಳೆಲ್ಲ ಸುಳ್ಳಾಗುತ್ತ ಬಂದಿದ್ದವು, ಅದೇ ಅವಳಿಗೆ ಒಂದು ಧೈರ್ಯವಾಗಿತ್ತು. ಈಗ ಅದೂ ಇಲ್ಲ.

ಕಮರುದ್ದೀನ್ ಮತ್ತೆ ಜಲಾಶಯಕ್ಕೆ ಹೋಗಲಿಲ್ಲ. ಫ್ರಿಜ್ಜಿನಲ್ಲಿದ್ದ ಹುಳುಗಳನ್ನು ಅಪಾರ್ಟ್‌ಮೆಂಟಿನ ಗುಲಾಬಿ ಪಾತಿಗೆ ಸುರಿದ. ಹಗಲೆಲ್ಲ ಮಲಗುತ್ತಿದ್ದ, ಗೋಡೆಯ ಕಡೆ ಮುಖ ಮಾಡಿ. ಮನೆಗೆ ಡಬ್ಬಿಗಳು ಬರುವುದೂ ನಿಂತಿತು. ಮೈಥಿಲಿಯೊಬ್ಬಳು ಆಗೀಗ ಚಿತ್ರಾನ್ನ ತಂದಿಟ್ಟು ಹೋಗುತ್ತಿದ್ದಳು. ಜುಲೈ ಕೊನೆಗೆ ವಕೀಲರು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಹೊರಡಿ ಎಂದರು. ಹಾಸಿಗೆ, ಮೇಜು, ತೂಬಾಳ ತೊಟ್ಟಿಲು ಎಲ್ಲವನ್ನೂ ಕಸದ ತೊಟ್ಟಿಯ ಪಕ್ಕ, ಬೇಕಾದವರು ಒಯ್ಯಲಿ ಎಂದಿಟ್ಟರು. ಗಾಳದ ಕೋಲನ್ನೂ ಇಟ್ಟರು. ಕೋಲಿನ ಜೊತೆ ಬಂದಿದ್ದ ರಟ್ಟಿನ ಚೀಟಿಯ ಹಿಂಬದಿಯಲ್ಲಿ ಕಮರುದ್ದೀನ್ ದಪ್ಪ ಅಕ್ಷರದಲ್ಲಿ, ಗುಡ್ಡದ ಜಲಾಶಯದ ಮೀನು ತಿನ್ನಬೇಡಿ, ವಿಷವಿದೆ, ಎಂದು ಇಂಗ್ಲಿಷಿನಲ್ಲಿ ಬರೆದು, ದಾರದಿಂದ ರೀಲಿಗೆ ಬಿಗಿಯಾಗಿ ಕಟ್ಟಿದ. ಮರುದಿನ ಕೋಲು ಹೋಗಿತ್ತು. ಚೀಟಿ ಹರಿದು ಅಲ್ಲೇ ನೆಲದ ಮೇಲೆ ಬಿದ್ದಿತ್ತು. ಅವನು ಅದನ್ನೆತ್ತಿ ತಂದು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಗುಲ್ಶನ್ ಕೇಳಿದ್ದಕ್ಕೆ, “ಯಾರು ಓದ್ತಾರ ಬಿಡು,” ಎಂದ.

ಅವರು ಹೊರಡುವ ಮುಂಚೆಯೇ ಅಮ್ರೀನ್‌ಗೆ ಹೆರಿಗೆಯಾಯಿತು. ಮಗು ಮನೆಗೆ ಬಂತೆಂದು ಮೈಥಿಲಿ ಬಾಗಿಲಿಗೆ ಬಂದು ಹೇಳಿದಳು. ಆ ಮಧ್ಯಾಹ್ನ ಕಮರುದ್ದೀನ್ ಸ್ನಾನ ಮಾಡಿ, ಪೆಟ್ಟಿಗೆಗೆ ಸೇರಿದ್ದ ಅಂಗಿಯನ್ನು ತೆಗೆದು ಇಸ್ತ್ರಿ ಹಾಕಿಕೊಂಡ. ಜೇಬಿನ ಮೇಲೆ ಲೈಸೆನ್ಸಿನ ಪಿನ್ನು ಚುಚ್ಚಿದ ತೂತುಗಳಿದ್ದವು. ಮೊದಲ ಮಗು, ಶಾರೀಕ್ ಮನೆಮನೆಗೆ ಸಿಹಿ ಹಂಚದೆ ಇರುವುದಿಲ್ಲ. ಗುಲ್ಶನ್ ಬೆಳಗ್ಗೆಯೇ ಗೋಡಂಬಿ ಹಾಕಿ ರವೆಯ ಹಲ್ವಾ ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದ್ದಳು. ತುಂಬಿದ ಮೇಲೆ ಕೊಡಲು ಕೈ ಬರಲಿಲ್ಲ. ತನ್ನ ಮನೆಯಿಂದ ಹೋದದ್ದನ್ನು ಅಮ್ರೀನ್ ಬಾಯಿಗಿಡುತ್ತಾಳೆಯೇ? ಹಾಲೂಡುವ ತಾಯಿಗೆ ಡಬ್ಬಿ ಕಂಡರೇ ಎದೆ ನಡುಗಿದರೆ? ಡಬ್ಬಿ ಕಟ್ಟೆಯ ಮೇಲೇ ಕೂತಿತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕಮರುದ್ದೀನ್ ಬಾಗಿಲ ಹಿಂದೆ ಹೋಗಿ ನಿಂತ. ಹೆಜ್ಜೆ ಮೇಲೆ ಬಂದು, ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಎದುರು ಬಾಗಿಲು ತಟ್ಟಿದ ಸದ್ದು.

“ಅಯ್ಯೋ, ಬನ್ನಿ ಬನ್ನಿ ಶಾರೀಕ್! ಹೆಣ್ಣಂತೆ, ಮಹಾಲಕ್ಷ್ಮಿ!” ಮೈಥಿಲಿಯ ದನಿ. ಪೆಟ್ಟಿಗೆ ಬಿಚ್ಚಿದ ಕಾಗದದ ಸರಪರ. ಆಮೇಲೆ ಅವಳೇ, ದನಿ ತಗ್ಗಿಸಿ, “ಹೇಗಿದೆ ಮಗು? ಎಲ್ಲ ಸರಿ ತಾನೆ? ಡಾಕ್ಟ್ರು ಏನಂದ್ರು?”

ಶಾರೀಕ್ ಏನೋ ಹೇಳಿದ. ಬಹಳ ಮೆಲ್ಲಗೆ ಹೇಳಿದ. ಕಮರುದ್ದೀನ್ ಕಿವಿಯನ್ನು ಬಾಗಿಲಿಗೆ ಒತ್ತಿದ. ಒಂದು ಪದವೂ ತಿಳಿಯಲಿಲ್ಲ. ಮೈಥಿಲಿ “ಹೂಂ… ಹೂಂ…” ಎಂದದ್ದಷ್ಟೇ ಕೇಳಿಸಿತು. ಬಾಗಿಲು ಮುಚ್ಚಿತು. ಹೆಜ್ಜೆಗಳು ಮೆಟ್ಟಿಲಿಳಿದು ಹೋದವು.

ಕಮರುದ್ದೀನ್ ಬಾಗಿಲ ಬಳಿಯಿಂದ ಕದಲಲಿಲ್ಲ. ಖಾಲಿ ಮನೆ, ತೆಳು ನೆಲ. ಕೆಳಗಿನಿಂದ ಎಳೆಗೂಸಿನ ಅಳು ಎದ್ದು ಬಂತು. ಸಣ್ಣದಾಗಿ ಶುರುವಾಗಿ, ತಡೆತಡೆದು, ಮತ್ತೆ ಶುರುವಾಯಿತು.

“ಅಳು ಸರಿ ಐತೇನು?” ಎಂದು ಕೇಳಿದ.

ಗುಲ್ಶನ್ ಆಲಿಸಿದಳು. ತೂಬಾ ಹೀಗೆ ಅಳುತ್ತಿದ್ದಳೇ? ಇಷ್ಟು ತೆಳುವಾಗಿದ್ದಿತೇ ಅವಳ ದನಿ? ನಡುನಡುವೆ ಇಷ್ಟು ಹೊತ್ತು ನಿಲ್ಲುತ್ತಿತ್ತೇ? ನೆನಪಾಗಲಿಲ್ಲ.

“ಸರಿ ಇದೆ ರೀ,” ಎಂದಳು.

“ಎಲ್ಲಾದಕ್ಕೂ ಹೆದರೂ ಹೆಂಗಸು ನೀ. ನೀ ಸರಿ ಐತಿ ಅಂದ್ರ ಸರಿ ಇರಬೇಕು.”

ಅವಳು ಹೂಂಗುಟ್ಟಿದಳು. ಕೆಳಗೆ ಅಳು ಇದ್ದಕ್ಕಿದ್ದಂತೆ ನಿಂತಿತು.

“ಹಾಲು ಕುಡಿಯಾಕತ್ತಿರಬೇಕು,” ಎಂದ ಅವನು.

“ಇರಬೇಕು,” ಎಂದಳು. ಆಮೇಲೆ ಇಬ್ಬರೂ ಕೂಸು ಮತ್ತೆ ಅಳುವುದನ್ನೇ ಕಾಯುತ್ತ ನಿಂತರು.